ಗೇಟಿನಿಂದ ಹಾಲಿನ ಬೂತಿನವರೆಗೆ: ನಮ್ಮ ಬೀದಿಯಲ್ಲಿ ನೆರಳಿನಲ್ಲಿ ನಡೆಯುವಂತಾಗಲು ಏನು ಮಾಡಬಹುದು?

ಕುವೆಂಪುನಗರದವನು (ಮೈಸೂರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಓದಿ ನಿಮಗೆ ತೋಚಿದ್ದು ಹೇಳಿ.

ನಮ್ಮಮ್ಮನಿಗೆ ಈಗ 74. ಬೆಳಗ್ಗೆ ಆರೂವರೆಗೆ ಹಾಲಿನ ಬೂತಿಗೆ ಹೋಗಿಬರುವುದು ಅವರ ಮೂವತ್ತು ವರ್ಷದ ರೂಢಿ. ಹಾಲು ನೆಪ. ದಾರಿಯಲ್ಲಿ ನಾಲ್ಕು ಮನೆಯವರನ್ನು ಮಾತಾಡಿಸಬೇಕು, ಕಾಂಪೌಂಡಿನಿಂದ ಆಚೆ ಬಾಗಿದ ದಾಸವಾಳ ಎರಡು ಕೇಳಿ ಕಿತ್ತುಕೊಳ್ಳಬೇಕು, ಆಗಲೇ ಅವರಿಗೆ ದಿನ ಶುರುವಾಗುವುದು. ಹೋದ ತಿಂಗಳು ಬಿದ್ದರು. ರಸ್ತೆಯ ಅಂಚಿನಲ್ಲಿ ನಡೆಯುತ್ತಿದ್ದಾಗ ಹಿಂದಿನಿಂದ ಬೈಕಿನವನು ಹಾರನ್ ಹೊಡೆದ. ಗಾಬರಿಯಾಗಿ ಪಕ್ಕಕ್ಕೆ ಸರಿದಾಗ ಒಂದು ಮನೆಯ ರ‍್ಯಾಂಪಿನ ಅಂಚು ಎಡವಿತು. ಮುಂಗೈ ಮೂಳೆ ಬಿರುಕು ಬಿಟ್ಟು ಆರು ವಾರ ಪ್ಲಾಸ್ಟರ್.

"ಫುಟ್‌ಪಾತ್ ಇದೆಯಲ್ಲಮ್ಮ, ರಸ್ತೆಗೆ ಯಾಕೆ ಇಳಿದೆ?" ಎಂದು ಸಿಟ್ಟಿನಲ್ಲೇ ಕೇಳಿದೆ. "ನೀನೊಂದು ದಿನ ಅದರ ಮೇಲೆ ನಡಿ, ಆಮೇಲೆ ಹೇಳು" ಎಂದರು.

ನಡೆದೆ, ಕೈಯಲ್ಲಿ ಟೇಪು ಹಿಡಿದು. ನಮ್ಮ ಗೇಟಿನಿಂದ ಬೂತಿನವರೆಗೆ 22 ಮನೆ. ಅದರಲ್ಲಿ 17 ಮನೆಯ ರ‍್ಯಾಂಪು ಫುಟ್‌ಪಾತಿನ ಮೇಲೆ ಇಳಿಜಾರಾಗಿ ಕೂತಿದೆ. ಹತ್ತು ಹೆಜ್ಜೆಗೊಮ್ಮೆ ಏರಬೇಕು, ಇಳಿಯಬೇಕು, ಅದೂ ಪಾದ ಒಂದು ಪಕ್ಕಕ್ಕೆ ವಾಲಿಸಿಕೊಂಡು. ಐದು ಮನೆಯವರು ಬೇಲಿ ಹಾಕಿ ಗಾರ್ಡನ್ ಮಾಡಿಕೊಂಡಿದ್ದಾರೆ. ಮೂರು ಕಡೆ ಮೋರಿಯ ಚಪ್ಪಡಿ ಇಲ್ಲ. ಒಂದು ಟ್ರಾನ್ಸ್‌ಫಾರ್ಮರ್. ಇಷ್ಟುದ್ದಕ್ಕೂ ನೆರಳು ಕೊಡುವ ಮರ ಎರಡೇ.

ಆ 17ರಲ್ಲಿ ಒಂದು ನಮ್ಮ ಮನೆಯದು. 2011ರಲ್ಲಿ ಕಾರು ಕೊಂಡಾಗ ನಾನೇ ಎದುರು ನಿಂತು ಹಾಕಿಸಿದ್ದು. ಅದರ ಮೇಲೆ ಅಮ್ಮ ಹೇಗೆ ನಡೆಯುತ್ತಾರೆ ಎಂಬ ಯೋಚನೆ ಆವತ್ತು ನನಗೆ ಬರಲೇ ಇಲ್ಲ. ಆ ಸಂಕಟಕ್ಕೇ ಇದನ್ನು ಬರೆಯುತ್ತಿದ್ದೇನೆ.

ಊರು ಹಸಿರಾಗಬೇಕು, ನಡೆಯುವಂತಿರಬೇಕು ಎಂದು ನಾವೆಲ್ಲ ಹೇಳುತ್ತೇವೆ. ಬೀದಿಯ ಮಟ್ಟದಲ್ಲಿ, ಮನೆ ಕಟ್ಟುವಾಗ, ಬಡಾವಣೆ ಮಾಡುವಾಗ ನಿಜವಾಗಿ ಏನು ಬದಲಾಗಬೇಕು?

ಕೃಷ್ಣಮೂರ್ತಿಪುರಂ ಹಳಬ

ಅಮ್ಮನವರು ಬೇಗ ಗುಣವಾಗಲಿ.

ನಾನು ಹುಟ್ಟಿದ್ದು ಇಲ್ಲೇ. ಮೈಸೂರಿಗೆ ನಗರ ಯೋಜನೆ ಹೊಸದಲ್ಲ ಎಂಬುದನ್ನು ಹುಡುಗರು ತಿಳಿಯಬೇಕು. ಪ್ಲೇಗು ಬಂದು ಊರು ತತ್ತರಿಸಿದ ಮೇಲೆ, 1903ರಲ್ಲೇ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಶುರುವಾಯಿತು. ಗಾಳಿ ಬೆಳಕು ಆಡಬೇಕು ಎಂಬುದು ಆವತ್ತಿನವರಿಗೆ ಜೀವದ ಪ್ರಶ್ನೆ. ಅದಕ್ಕೇ ನಮ್ಮ ಹಳೇ 'ಪುರಂ'ಗಳಲ್ಲಿ ಮನೆಗಳ ಹಿಂದೆ ಕಸ, ಮಲ ಸಾಗಿಸಲೆಂದು ಕನ್ಸರ್ವೆನ್ಸಿ ಗಲ್ಲಿ ಬಿಟ್ಟಿದ್ದಾರೆ, ನಡುವೆ ಪಾರ್ಕು ಇಟ್ಟಿದ್ದಾರೆ. ಬೆಂಗಳೂರಿನಲ್ಲಿ 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಕ್ಕೂ ಇದೇ ಕಥೆ.

ನನಗೀಗ 68. ನಮ್ಮ ಮನೆಯಿಂದ ತರಕಾರಿ, ಔಷಧಿ ಅಂಗಡಿ, ದೇವಸ್ಥಾನ, ಮೊಮ್ಮಗಳ ಶಾಲೆ, ಕಾಫಿಪುಡಿ ಅಂಗಡಿ ಎಲ್ಲ ಹತ್ತು ನಿಮಿಷದೊಳಗೆ. ಸ್ಕೂಟರ್ ಮಾರಿ ನಾಲ್ಕು ವರ್ಷವಾಯಿತು, ಏನೂ ತೊಂದರೆಯಾಗಿಲ್ಲ. ಹೊರವರ್ತುಲ ರಸ್ತೆಯಾಚೆ ಮನೆ ಮಾಡಿದ ನನ್ನ ಮಗನಿಗೆ ಕೊತ್ತಂಬರಿ ಸೊಪ್ಪು ಬೇಕಾದರೂ ಕಾರು ತೆಗೆಯಬೇಕು. ಅವನ ಮನೆ ದೊಡ್ಡದು, ರಸ್ತೆ ಅಗಲ, ಪಾರ್ಕೂ ಇದೆ. ಆದರೆ ಎಲ್ಲಿಗೂ ನಡೆದುಹೋಗುವ ಹಾಗಿಲ್ಲ, ಏಕೆಂದರೆ ಹೋಗಲು ಅಲ್ಲಿ ಏನೂ ಇಲ್ಲ. ಬರೀ ಮೂವತ್ತು–ನಲವತ್ತರ ಸೈಟುಗಳ ಸಾಲು.

ಫುಟ್‌ಪಾತ್ ಎಷ್ಟು ಚೆನ್ನಾಗಿದ್ದರೂ ಅದರ ಕೊನೆಗೆ ಒಂದು ಅಂಗಡಿ ಇಲ್ಲದಿದ್ದರೆ ಯಾರು ನಡೆಯುತ್ತಾರೆ?

ಗಾರೆ ಕೆಲಸದವ

ನಾನು 20 ವರ್ಷದಿಂದ ಮನೆ ಕಟ್ಟಿಸುವ ಗುತ್ತಿಗೆ ಮಾಡ್ತಿದ್ದೀನಿ. ರ‍್ಯಾಂಪಿನ ವಿಚಾರ ಹೇಳ್ತೀನಿ, ಯಾಕೆಂದರೆ ಇದರ ಮೂಲ ಯಾರಿಗೂ ಕಾಣಲ್ಲ.

ರಸ್ತೆಗೆ ಡಾಂಬರು ಹಾಕುವಾಗ ಹಳೇ ಪದರ ಕೆರೆದು ತೆಗೆದು ಹೊಸದು ಹಾಕಬೇಕು. ಬಹಳ ಕಡೆ ಕೆರೆಯದೆ ಮೇಲೆ ಮೇಲೆ ಹಾಕ್ತಾರೆ. ಒಂದೊಂದು ಸಲಕ್ಕೆ ಒಂದೂವರೆ ಎರಡು ಇಂಚು ರಸ್ತೆ ಏರುತ್ತೆ. ನಾಲ್ಕು ಸಲ ಆದರೆ ಅರ್ಧ ಅಡಿಗಿಂತ ಜಾಸ್ತಿ. ಹಳೇ ಮನೆ ತಗ್ಗಿಗೆ ಬಿತ್ತು, ಮಳೆ ನೀರು ಗೇಟಿನೊಳಗೆ ಬಂತು. ಅದನ್ನು ನೋಡಿದ ಪಕ್ಕದ ಸೈಟಿನವರು "ಪಾಯ ಎತ್ತರಿಸಿ" ಅಂತಾರೆ. ಪಾಯ ಎರಡೂವರೆ ಅಡಿ ಎತ್ತರಿಸಿದರೆ ಕಾರು ಹತ್ತಿಸೋಕೆ ಉದ್ದದ ಇಳಿಜಾರು ಬೇಕು. ಕಾಂಪೌಂಡಿನ ಒಳಗೆ ಜಾಗ ಇಲ್ಲ, ಪೂರ್ತಿ ಕಟ್ಟಡವೇ ತುಂಬಿರುತ್ತೆ. ಇಳಿಜಾರು ಹೊರಗೆ ಬರುತ್ತೆ. ಹೊರಗೆ ಇರೋದು ಫುಟ್‌ಪಾತು.

ಸರಿಪಡಿಸೋಕೆ ಆಗುತ್ತೆ. ಗೇಟು ಎರಡು ಅಡಿ ಒಳಕ್ಕೆ ಸರಿಸಿ, ಇಳಿಜಾರು ಸೆಟ್‌ಬ್ಯಾಕಿನಲ್ಲೇ, ಅಂದರೆ ಕಾಂಪೌಂಡಿಗೂ ಕಟ್ಟಡಕ್ಕೂ ನಡುವೆ ಬಿಡಬೇಕಾದ ಜಾಗದಲ್ಲೇ, ಮುಗಿಸಬೇಕು. ಹೊರಗೆ ಫುಟ್‌ಪಾತ್ ಮಟ್ಟಸವಾಗಿ ಹಾಗೇ ಹಾದುಹೋಗಬೇಕು, ರಸ್ತೆ ಕಡೆಯ ಕೊನೆ ಒಂದೂವರೆ ಅಡಿಯಲ್ಲಿ ಮಾತ್ರ ಸಣ್ಣ ಇಳಿಜಾರು. ಕಾರು ಫುಟ್‌ಪಾತ್ ಹತ್ತಿ ದಾಟಲಿ, ಜನ ಯಾಕೆ ಇಳೀಬೇಕು? ಇಂಡಿಯನ್ ರೋಡ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿಯಲ್ಲೂ ಅಂಚುಕಲ್ಲು 150 ಮಿ.ಮೀ.ಗಿಂತ ಎತ್ತರ ಇರಬಾರದು, ನಡೆಯೋ ಜಾಗ ಕನಿಷ್ಠ 1.8 ಮೀಟರ್ ಖಾಲಿ ಇರಬೇಕು ಅಂತಿದೆ. ಅಂದರೆ ಆರಡಿ. ನಿಮ್ಮ ಬೀದಿ ಅಳೆದಿರಲ್ಲ ಸಾರ್, ಎಷ್ಟು ಬಂತು?

ಕುವೆಂಪುನಗರದವನು

ಗುರುತು ಹಾಕಿದ ಫುಟ್‌ಪಾತ್ ಐದೂವರೆ ಅಡಿ. ಅಡೆತಡೆ ಕಳೆದು ಕಾಲಿಡಲು ಉಳಿದಿರುವುದು ಕೆಲವೆಡೆ ಒಂದೂಕಾಲು ಅಡಿ. ಟ್ರಾನ್ಸ್‌ಫಾರ್ಮರ್ ಹತ್ತಿರ ಏನೂ ಇಲ್ಲ.

ರಸ್ತೆ ಏರುವ ವಿಷಯ ಹೇಳಿದ್ದಕ್ಕೆ ವಂದನೆ. ನಮ್ಮ ಗೇಟಿನ ಹೊಸ್ತಿಲಿಗೆ ಮೊದಲು ಎರಡು ಮೆಟ್ಟಿಲಿತ್ತು, ಈಗ ಒಂದು ಪೂರ್ತಿ ಹೂತುಹೋಗಿದೆ. ಮಣ್ಣು ಕುಸಿದಿದೆ ಎಂದೇ ಅಂದುಕೊಂಡಿದ್ದೆ.

ಮೂರು ಮೆಟ್ಟಿಲು

ನಾನು ಗಾಲಿಕುರ್ಚಿ ಬಳಸುವವಳು, ಬೆಂಗಳೂರು. ಗಾರೆ ಕೆಲಸದವರು ಹೇಳಿದ "ಮಟ್ಟಸವಾಗಿ ಹಾಗೇ ಹಾದುಹೋಗಬೇಕು" ಎಂಬ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಬೇಕು ಅನ್ನಿಸಿತು.

ನನಗೆ ಏರು ಕಷ್ಟವಲ್ಲ. ಒಂದಕ್ಕೆ ಹನ್ನೆರಡರ ಇಳಿಜಾರು (ಹನ್ನೆರಡು ಅಡಿ ಉದ್ದಕ್ಕೆ ಒಂದಡಿ ಏರು) ಇದ್ದರೆ ನಾನೇ ತಳ್ಳಿಕೊಂಡು ಹತ್ತುತ್ತೇನೆ. ಪಕ್ಕಕ್ಕೆ ವಾಲಿದ ನೆಲ ಮಾತ್ರ ಆಗದು. ಕುರ್ಚಿ ರಸ್ತೆ ಕಡೆಗೆ ಎಳೆಯುತ್ತದೆ, ಒಂದು ಚಕ್ರವನ್ನು ಹಿಡಿದುಕೊಂಡೇ ಇನ್ನೊಂದನ್ನು ತಿರುಗಿಸಬೇಕು. ಮೂರು ಮನೆ ದಾಟುವಷ್ಟರಲ್ಲಿ ಭುಜ ಸೋಲುತ್ತದೆ. ಬೈಕ್ ಹತ್ತದಿರಲಿ ಎಂದು ಕಂಬಗಳನ್ನು ಒತ್ತೊತ್ತಾಗಿ ನೆಡುತ್ತಾರೆ. ನನ್ನ ಕುರ್ಚಿಗೆ 90 ಸೆಂ.ಮೀ. ಆದರೂ ಬೇಕು. ಬೈಕಿನ ಜೊತೆ ನನ್ನನ್ನೂ ಹೊರಗಿಟ್ಟ ಹಾಗಾಗುತ್ತದೆ.

ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಯಲ್ಲಿ ಟೆಂಡರ್ ಶ್ಯೂರ್ ಎಂಬ ರಸ್ತೆ ಸುಧಾರಣೆ ಯೋಜನೆಯ ಫುಟ್‌ಪಾತ್ ಆದಾಗ ಮೊದಲ ಸಲ ಅಣ್ಣನ ಸಹಾಯವಿಲ್ಲದೆ ಒಬ್ಬಳೇ ಹೋಗಿ ಐಸ್‌ಕ್ರೀಮ್ ತಿಂದು ಬಂದೆ. ಕೇಬಲ್ಲು, ನೀರು, ಒಳಚರಂಡಿ ಎಲ್ಲ ಫುಟ್‌ಪಾತಿನ ಕೆಳಗೆ ಕೊಳವೆಯಲ್ಲಿ ಹೋಗುವ ಹಾಗೆ ಮಾಡಿದ್ದರಿಂದ ಪದೇ ಪದೇ ಅಗೆಯುವ ಅಗತ್ಯ ಕಡಿಮೆ. ಆದರೆ ನಾನು ಇರುವುದು ಆ ರಸ್ತೆಯಲ್ಲಲ್ಲ. ಅಲ್ಲಿಗೆ ಹೋಗಬೇಕಾದರೆ ಮೊದಲು ನನ್ನ ಅಡ್ಡರಸ್ತೆ ದಾಟಬೇಕು.

ಬೇಲಿ ದಾಸವಾಳ

ಒಂದು ಮಾತು ಹೇಳಲೇಬೇಕು, ಕೋಪ ಮಾಡಿಕೊಳ್ಳಬೇಡಿ. ಗೇಟಿನ ಮುಂದೆ ಗಾರ್ಡನ್ ಮಾಡಿದವರಲ್ಲಿ ನಾನೂ ಒಬ್ಬಳು. ನಾವು ಆ ಜಾಗ ಕೈಬಿಟ್ಟಿದ್ದಾಗ ಅಲ್ಲಿ ಕಸದ ರಾಶಿ ಬೀಳುತ್ತಿತ್ತು, ರಾತ್ರಿ ಗಂಡಸರು ಬಂದು ಉಚ್ಚೆ ಹೊಯ್ಯುತ್ತಿದ್ದರು. ಬೇಲಿ ಕಟ್ಟಿ ದಾಸವಾಳ, ನಂದಿಬಟ್ಟಲು, ತುಳಸಿ ಹಾಕಿದ ಮೇಲೆ ನಿಂತಿತು. ಈಗ ಚಿಟ್ಟೆ ಬರುತ್ತವೆ, ಸೂರಕ್ಕಿ ಗೂಡು ಕಟ್ಟಿದೆ. ಹಸಿರು ಬೇಕು ಅನ್ನುವವರೇ ಇದನ್ನು ಕೀಳಿ ಅಂದರೆ ಹೇಗೆ?

ಹೊಂಗೆ ನೆರಳು

ಬೇಲಿ ದಾಸವಾಳ ಅಕ್ಕ, ಯಾರೂ ಕೀಳಿ ಅನ್ನಬಾರದು. ಸರಿಸಿ ಎಂದು ಕೇಳಬಹುದು.

ಬೀದಿಯ ಮಣ್ಣನ್ನು ಎರಡು ಪಟ್ಟಿಯಾಗಿ ನೋಡಿ. ಕಾಂಪೌಂಡಿಗೆ ಅಂಟಿದ ಪಟ್ಟಿ ನಡೆಯಲು. ರಸ್ತೆಯ ಅಂಚಿನ ಪಟ್ಟಿ ಗಿಡಮರಕ್ಕೆ. ನಿಮ್ಮ ದಾಸವಾಳ ಕಾಂಪೌಂಡ್ ಬಿಟ್ಟು ರಸ್ತೆ ಅಂಚಿಗೆ ಬಂದರೆ ನಡೆಯುವವರಿಗೂ ವಾಹನಕ್ಕೂ ನಡುವೆ ಒಂದು ಹಸಿರು ತಡೆ ಆಗುತ್ತದೆ. ಮಗು ಕೈಬಿಡಿಸಿಕೊಂಡು ಓಡಿದರೂ ನೇರ ರಸ್ತೆಗೆ ಬೀಳುವುದಿಲ್ಲ. ಸೂರಕ್ಕಿ ಗೂಡು ಇದ್ದರೆ ಮರಿ ಹಾರುವವರೆಗೆ ಮುಟ್ಟಬೇಡಿ. ಆಮೇಲೆ ದಾಸವಾಳದ ಕಡ್ಡಿ ನೆಟ್ಟರೆ ಸುಲಭವಾಗಿ ಚಿಗುರುತ್ತದೆ, ಹಳೇ ಗಿಡ ತೆಗೆಯುವ ಮೊದಲೇ ಹೊಸದು ಎದ್ದಿರುತ್ತದೆ.

ಮರ ನೆಡುವವರಿಗೆ ಒಂದೆರಡು ಮಾತು. ವಿದ್ಯುತ್ ತಂತಿ ಯಾವ ಪಕ್ಕ ಹೋಗಿದೆ ಮೊದಲು ನೋಡಿ. ತಂತಿ ಇಲ್ಲದ ಪಕ್ಕ ಹೊಂಗೆ, ಬೇವು, ನೇರಳೆ ಹಾಕಿ. ತಂತಿ ಇರುವ ಪಕ್ಕ ಪಾರಿಜಾತ, ಕರಿಬೇವು, ಬೇಕಿದ್ದರೆ ಕಕ್ಕೆ. ತಂತಿಯ ಕೆಳಗೆ ಹೊಂಗೆ ನೆಟ್ಟರೆ ಹತ್ತು ವರ್ಷದ ಮೇಲೆ ಅದರ ನಡುನೆತ್ತಿ ಕತ್ತರಿಸಿ ಇಂಗ್ಲಿಷಿನ 'ವಿ' ಅಕ್ಷರದ ಹಾಗೆ ಮಾಡುತ್ತಾರೆ. ಅಂಥ ಮರ ಒಂದು ಗಾಳಿಗೆ ಸೀಳುತ್ತದೆ. ಸಸಿ ಆಳೆತ್ತರದ್ದಿರಲಿ, ಮೊಣಕಾಲೆತ್ತರದ್ದನ್ನು ದನ ಬಿಡುವುದಿಲ್ಲ. ಬುಡದ ಸುತ್ತ ಒಂದು ಮೀಟರ್ ಮಣ್ಣು ಬಿಡಿ, ಟೈಲ್ಸ್ ಬೇಡ. ದೆಹಲಿಯಲ್ಲಿ ಮರದ ಸುತ್ತ ಒಂದು ಮೀಟರ್ ದೂರದವರೆಗಿನ ಕಾಂಕ್ರೀಟ್ ಒಡೆದು ತೆಗೆಯಿರಿ ಎಂದು ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿದೆ. ನಮ್ಮ ಬೀದಿಯಲ್ಲಿ ಕಾಂಡಕ್ಕೆ ತಾಗಿಸಿ ಸಿಮೆಂಟ್ ಬಳಿದ ಒಂದು ಹೊಳೆದಾಸವಾಳ ಇದೆ. ಪ್ರತಿ ಏಪ್ರಿಲ್‌ನಲ್ಲಿ ನೇರಳೆ ಬಣ್ಣದ ಹೂ ಮೈತುಂಬ ಬಿಡುತ್ತಿದ್ದ ಮರ ಈ ವರ್ಷ ಒಂದು ಕೊಂಬೆಯಲ್ಲಿ ಮಾತ್ರ ಬಿಟ್ಟಿತು.

ಬೆಂಗಳೂರಿನಲ್ಲಿ 80ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು 15 ಲಕ್ಷ ಗಿಡ ನೆಡಿಸಿದರು. ಇವತ್ತು ಅಲ್ಲಿನ ಅಡ್ಡರಸ್ತೆಗಳ ನೆರಳಿಗೆ ಅವರನ್ನು ನೆನೆಯಬೇಕು. ನೆಟ್ಟು ಫೋಟೊ ತೆಗೆಸಿಕೊಂಡರೆ ಮರವಾಗುವುದಿಲ್ಲ, ಎರಡು ಬೇಸಿಗೆ ನೀರು ಹಾಕಿದರೆ ಆಗುತ್ತದೆ.

ಬೇಲಿ ದಾಸವಾಳ

ರಸ್ತೆ ಅಂಚಿಗೆ ಸರಿಸುವುದು ನನಗೆ ಹೊಳೆದಿರಲಿಲ್ಲ. ಆದರೆ ಅಲ್ಲಿ ಪಕ್ಕದ ಮನೆಯವರ ಎರಡನೇ ಕಾರು ನಿಲ್ಲುತ್ತದಲ್ಲ?

ಜಯನಗರ ನಾಲ್ಕನೇ ಬ್ಲಾಕ್

ಅಲ್ಲೇ ಇರುವುದು ಗಂಟು. ಎರಡನೇ ಕಾರು. ನಮ್ಮ ಬೀದಿಯಲ್ಲಿ ಒಂದು ಮನೆಗೆ ಮೂರು ಕಾರು, ಪಾರ್ಕಿಂಗ್ ಒಂದಕ್ಕೆ. ನಕ್ಷೆಯಲ್ಲಿ ಸ್ಟಿಲ್ಟ್ ಪಾರ್ಕಿಂಗ್ (ಕಂಬಗಳ ಮೇಲೆ ನಿಂತ ಕಟ್ಟಡದ ಕೆಳಗಿನ ಪಾರ್ಕಿಂಗ್) ಎಂದು ತೋರಿಸಿದ ಜಾಗಕ್ಕೆ ಷಟರ್ ಹಾಕಿ ಅಂಗಡಿ ಬಾಡಿಗೆಗೆ ಕೊಟ್ಟಿದ್ದಾರೆ. ಬೀದಿಯಲ್ಲಿ ಪುಕ್ಕಟೆ ನಿಲ್ಲಿಸಲು ಬಿಡುವವರೆಗೂ ಯಾರೂ ಒಳಗೆ ಜಾಗ ಮಾಡುವುದಿಲ್ಲ. ಶುಲ್ಕ ಹಾಕಲಿ, ಬಂದ ಹಣ ಅದೇ ಬೀದಿಯ ಫುಟ್‌ಪಾತಿಗೆ ಹೋಗಲಿ. ನನ್ನದೂ ಒಂದು ಕಾರು ಹೊರಗೇ ನಿಲ್ಲುತ್ತದೆ, ನಾನೂ ಕೊಡುತ್ತೇನೆ.

ಹೊಸ ಬಡಾವಣೆಯಾಕೆ

ನಾವು ಮೈಸೂರು ಹೊರವಲಯದವರು, ಮನೆ ಕಟ್ಟಿ ಆರು ವರ್ಷ. ನಾನು ಸಿಟಿಯಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ತಿಂಗಳಿಗೆ ಬಸ್ ದುಡ್ಡು ಉಳಿಯಿತು, ಅದು ನಮ್ಮಂಥವರಿಗೆ ಸಣ್ಣದಲ್ಲ. ಬಸ್ಸು ಪುಕ್ಕಟೆ, ಆದರೆ ಬಸ್‌ಸ್ಟಾಪಿಗೆ ಹೋಗುವ ದಾರಿ ಇಲ್ಲ. ಮನೆಯಿಂದ ಸ್ಟಾಪಿಗೆ ಒಂದು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಎರಡೂ ಕಡೆ ಖಾಲಿ ಸೈಟು, ಪಾರ್ಥೇನಿಯಂ, ನಾಯಿ. ರಾತ್ರಿ ಎಂಟೂವರೆಗೆ ಬಸ್ ಇಳಿದರೆ ಬೀದಿದೀಪ ಒಂದು ಬಿಟ್ಟು ಒಂದು ಉರಿಯುತ್ತದೆ. ಮನೆಯವರು ಬೈಕಿನಲ್ಲಿ ಬಂದು ಕಾಯಬೇಕು. ಅವರಿಗೆ ರಾತ್ರಿ ಪಾಳಿ ಇದ್ದ ವಾರ ಆಟೋಗೆ 60 ರೂಪಾಯಿ ಕೊಡುತ್ತೇನೆ. ಬಸ್ಸಿನಲ್ಲಿ ಉಳಿದದ್ದು ಆಟೋಗೆ ಹೋಯಿತು.

ಗಿಡ ಮರ ಎಲ್ಲ ಬೇಕು. ನನಗೆ ಮೊದಲು ಬೇಕಾದದ್ದು ಬೆಳಕು, ಆಮೇಲೆ ದಾರಿಯಲ್ಲಿ ತೆರೆದಿರುವ ಎರಡು ಅಂಗಡಿ. ಸ್ಟಾಪಿನ ಹತ್ತಿರ ಒಬ್ಬ ಅಜ್ಜ ಕಡಲೆಕಾಯಿ ಹುರಿಯುತ್ತಾರೆ, ಅವರಿರುವ ದಿನ ಧೈರ್ಯವಾಗಿ ನಡೆಯುತ್ತೇನೆ. ಅವರ ಗಾಡಿಯ ಗ್ಯಾಸ್‌ಲೈಟ್ ಕಂಡರೆ ಸಾಕು.

ನೀಟ್ ಸಿಟಿ

ಗಾಡಿಗಳನ್ನು ಹೊಗಳಬೇಡಿ. ನಮ್ಮ ಕಡೆ ಫುಟ್‌ಪಾತ್ ಪೂರ್ತಿ ಪಾನಿಪುರಿ, ಎಳನೀರು, ಹೂವಿನವರದ್ದೇ. ಮೊದಲು ಅವರನ್ನು ಎಬ್ಬಿಸಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಕಾನೂನು ಓದುವವಳು

ನೀಟ್ ಸಿಟಿ ಅವರೆ, ಎಬ್ಬಿಸಿದರೆ ಅವರು ಇನ್ನೊಂದು ಫುಟ್‌ಪಾತಿಗೆ ಹೋಗುತ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಹೇಳುವುದು ಬೇರೆ: ಸಮೀಕ್ಷೆ ಮಾಡಿ, ಎಲ್ಲಿ ವ್ಯಾಪಾರ ಮಾಡಬಹುದು ಎಲ್ಲಿ ಬಾರದು ಎಂದು ಗುರುತಿಸಿ, ಪ್ರಮಾಣಪತ್ರ ಕೊಡಿ. ಅದಕ್ಕಾಗಿ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಶೇ 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು. ಫುಟ್‌ಪಾತ್ ಅಗಲವಿದ್ದರೆ ರಸ್ತೆ ಅಂಚಿನ ಪಟ್ಟಿಯಲ್ಲಿ, ಹೊಂಗೆ ನೆರಳು ಅವರು ಮರಕ್ಕೆ ಬಿಡಿ ಎಂದರಲ್ಲ, ಅಲ್ಲೇ ಮರದ ನಡುವೆ ಗಾಡಿಗೂ ಜಾಗ ಮಾಡಬಹುದು. ನಡೆಯುವ ಪಟ್ಟಿ ಖಾಲಿ ಇರುತ್ತದೆ, ಹೊಸ ಬಡಾವಣೆಯಾಕೆ ಅವರಿಗೆ ರಾತ್ರಿ ಬೆಳಕೂ ಇರುತ್ತದೆ.

ಪಾರ್ಕಿನ ವಿಷಯಕ್ಕೆ ಬರುತ್ತೇನೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಕಾಯ್ದೆ 1976ರ ಪ್ರಕಾರ ಬಡಾವಣೆಯ ಶೇ 15ರಷ್ಟು ಜಾಗ ಉದ್ಯಾನ ಮತ್ತು ಆಟದ ಮೈದಾನಕ್ಕೆ, ಮತ್ತೆ ಶೇ 10 ನಾಗರಿಕ ಸೌಲಭ್ಯಕ್ಕೆ (ಸಿಎ) ಮೀಸಲಿಡಬೇಕು. ರಾಜ್ಯದಲ್ಲಿ 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆಯೂ ಇದೆ. ಇವನ್ನು ನೆನಪಿಸುವುದು ಯಾಕೆಂದರೆ ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಂಗೆ ಕೊಟ್ಟಾಗ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ನಿಂತಿತು. ಅಲ್ಲಿ ವಾಸಿಸುವವರಿಗೆ ಪ್ರಶ್ನಿಸುವ ಹಕ್ಕಿದೆ ಎಂದಿತು. ನಕ್ಷೆಯಲ್ಲಿ ಹಸಿರು ಬಣ್ಣ ಬಳಿದ ಆ ಚೌಕ ನಮ್ಮದು. ಸೈಟ್ ಕೊಳ್ಳುವಾಗ ಅನುಮೋದಿತ ನಕ್ಷೆಯ ಪ್ರತಿ ತೆಗೆದಿಟ್ಟುಕೊಳ್ಳಿ, ಪಾರ್ಕ್ ಎಲ್ಲಿ, ಸಿಎ ಸೈಟ್ ಎಲ್ಲಿ ನೋಡಿ. ಹೊಸ ಬಡಾವಣೆಯಾಕೆ ಅವರೆ, ನಿಮ್ಮ ಕಡೆ ಸಿಎ ಸೈಟ್ ಖಾಲಿ ಬಿದ್ದಿದೆಯೇ?

ಹೊಸ ಬಡಾವಣೆಯಾಕೆ

ಇದೆ. ಬೋರ್ಡೂ ಇದೆ, ಒಳಗೆ ಜಾಲಿ ಗಿಡ. ಅದು ಅಂಗನವಾಡಿಗೋ ಶಾಲೆಗೋ ಆಗುತ್ತದೆ ಎಂದೇ ನಾವು ಸೈಟ್ ಕೊಂಡದ್ದು.

ಧಾರವಾಡದಾಕಿ

ನಮ್ಮ ಕಡೀದು ಒಂದೀಟು ಕೇಳ್ರಿ. ಹುಬ್ಬಳ್ಳಿ–ಧಾರವಾಡದಾಗ ಚಿಗರಿ ಬಸ್ಸಿಗಂತ ಪ್ರತ್ಯೇಕ ದಾರಿ ಮಾಡ್ಯಾರ, 22 ಕಿಲೋಮೀಟರ್. ಬಸ್ ಛಲೋ ಐತ್ರಿ, ಸುಳ್ಳ ಯಾಕ ಹೇಳಬೇಕು. ತಂಪ ಹವಾದಾಗ ಕುಂತು ಲಗೂನ ಹುಬ್ಬಳ್ಳಿ ಮುಟ್ಟತೀವಿ. ಆದ್ರ ನಿಲ್ದಾಣ ಎಲ್ಲಾ ರಸ್ತಾದ ನಟ್ಟನಡುವ ಅದಾವು. ಅಲ್ಲಿಗೆ ಹೋಗಬೇಕಂದ್ರ ಮದಲ ಈ ಕಡೆ ಗಾಡಿಗೋಳ ನಡುವ ಹಾದು ಹೋಗಬೇಕು. ನಮ್ಮವ್ವ "ಬಸ್ಸಿನ್ಯಾಗ ಕುಂತ ಮ್ಯಾಲೆ ಸ್ವರ್ಗ, ಅಲ್ಲೀತನಕ ಜೀವ ಅಂಗೈಯಾಗ" ಅಂತಾಳ. ರಸ್ತಾ ಅಗಲ ಮಾಡೂಮುಂದ ಸಾಲುಮರಾನೂ ಹೋದವು. ಬ್ಯಾಸಿಗ್ಯಾಗ ನಿಲ್ದಾಣಕ್ಕ ನಡಕೊಂಡು ಹೋಗೂದಂದ್ರ ನೆತ್ತಿ ಸುಡತೈತಿ.

ಸಾಧನಕೇರಿ ಕಡೆ, ಮಾಳಮಡ್ಡಿ ಓಣ್ಯಾಗ ಇನ್ನೂ ಮರ ಉಳದಾವು. ಸಂಜೀಕ ಮಂದಿ ಕಟ್ಟಿಮ್ಯಾಲೆ ಕುಂತು ಹರಟಿ ಹೊಡೀತಾರ. ಕುಂದರಾಕ ಜಾಗ ಇದ್ರ ಮುದುಕರು ನಡೀತಾರ್ರಿ, ಇದನ್ನ ಯಾರೂ ಬರೀಲಿಲ್ಲ ನೋಡ್ರಿ. ನೂರು ಹೆಜ್ಜೀಗೊಂದು ಕಲ್ಲಿನ ಕಟ್ಟಿ ಹಾಕಿಸ್ರಿ, ನಿಮ್ಮ ಅಮ್ಮಾರು ಹಾಲಿನ ಬೂತಲ್ಲ, ಇನ್ನೂ ಮುಂದ ಹೋಗ್ತಾರ.

ಕುವೆಂಪುನಗರದವನು

ಧಾರವಾಡದಾಕಿ ಅಕ್ಕ, ಇದನ್ನು ಅಮ್ಮನಿಗೆ ಓದಿ ಹೇಳಿದೆ. "ಅವರಿಗೆ ಗೊತ್ತು" ಎಂದರು. ನಡುವೆ ನಿಲ್ಲಲು ಅವರು ಯಾವ ಕಾಂಪೌಂಡ್ ಹಿಡಿದುಕೊಳ್ಳುತ್ತಾರೆ ಎಂದು ನಾನು ಇಲ್ಲಿಯವರೆಗೆ ಗಮನಿಸಿರಲಿಲ್ಲ. ಕೇಳಿದೆ. ಮೂರು ಜಾಗ ಹೇಳಿದರು.

ಐಂಡ್‌ಹೋವನ್ ಕನ್ನಡಿಗ

ನೆದರ್‌ಲ್ಯಾಂಡ್ಸ್‌ಗೆ ಬಂದು ಒಂಬತ್ತು ವರ್ಷ. ಇಲ್ಲಿಯ ಸೈಕಲ್ ದಾರಿ ನೋಡಿ "ಇವರು ಹುಟ್ಟಿದಾಗಿನಿಂದ ಹೀಗೇ" ಎಂದುಕೊಳ್ಳುವವರಿಗೆ ಒಂದು ವಿಷಯ ಹೇಳಬೇಕು. 1971ರಲ್ಲಿ ಇಷ್ಟು ಸಣ್ಣ ದೇಶದಲ್ಲಿ ಸುಮಾರು 3,300 ಜನ ರಸ್ತೆಯಲ್ಲಿ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಾಯಂದಿರು, ತಂದೆಯಂದಿರು "ಮಕ್ಕಳ ಕೊಲೆ ನಿಲ್ಲಿಸಿ" ಎಂದು ಬೀದಿಗೆ ಬಂದರು. ಆಮೇಲೆ ಬದಲಾಯಿತು.

ಡೆಲ್ಫ್ಟ್ ಊರಿನಲ್ಲಿ ಆ ಕಾಲದಲ್ಲೇ ಮನೆಗಳ ನಡುವಿನ ಬೀದಿಯನ್ನು 'ವೂನೆರ್ಫ್' ಮಾಡಿದರು. ಫುಟ್‌ಪಾತ್ ಬೇರೆ, ರಸ್ತೆ ಬೇರೆ ಎಂಬ ಭೇದವೇ ಇಲ್ಲ. ಮರ, ಬೆಂಚು, ಮಕ್ಕಳ ಆಟ ಎಲ್ಲ ಬೀದಿಯಲ್ಲೇ. ಕಾರು ಬರಬಹುದು, ಮನುಷ್ಯ ನಡೆಯುವ ವೇಗದಲ್ಲಿ. ಆ ಪದದ ಅರ್ಥ 'ವಾಸದ ಅಂಗಳ' ಎಂದು ಡಚ್ ಕಲಿಸುವವರು ಹೇಳಿದಾಗ ನನಗೆ ಚಾಮರಾಜಪೇಟೆಯ ನಮ್ಮಜ್ಜಿಯ ವಠಾರ ಕಣ್ಣ ಮುಂದೆ ಬಂತು. ಎಂಟು ಮನೆ, ನಡುವೆ ಅಂಗಳ, ಒಂದು ಬಾವಿ, ಒಂದು ನುಗ್ಗೆ ಮರ. ಹಾಲಿನವನ ಸೈಕಲ್ಲೂ ಒಳಗೆ ಬರುತ್ತಿತ್ತು, ಇಳಿದು ತಳ್ಳಿಕೊಂಡು. 20 ಅಡಿ, 25 ಅಡಿಯ ನಮ್ಮ ಅಡ್ಡರಸ್ತೆಗಳಲ್ಲಿ ಆರಡಿ ಫುಟ್‌ಪಾತ್ ಎರಡೂ ಕಡೆ ಹೇಗೂ ಹಿಡಿಯುವುದಿಲ್ಲ. ಅಲ್ಲಿ ವಠಾರದ ಲೆಕ್ಕವೇ ಸರಿ: ಇಡೀ ಬೀದಿ ನಡೆಯುವವರದು, ಗಾಡಿ ಅತಿಥಿ.

ಪುತ್ತೂರು ಮನೆ

ವಠಾರದ ಮಾತು ಬಂದದ್ದು ಒಳ್ಳೆಯದಾಯಿತು. ಮನೆ ಕಟ್ಟುವುದರಲ್ಲೇ ಹಸಿರು ಶುರುವಾಗಬೇಕು ಮಾರಾಯ್ರೆ. ಬಯಲುಸೀಮೆಯವರು ಗಾಜು ಹಾಕಿಸಿ, ಸೆಟ್‌ಬ್ಯಾಕ್ ತುಂಬಿಸಿ, ನೆಲಕ್ಕೆಲ್ಲ ಟೈಲ್ಸ್ ಹಾಕಿ, ಆಮೇಲೆ ಸೆಖೆ ಎಂದು ಎಸಿ ಹಾಕುವುದು. ಎಸಿಯ ಬಿಸಿಗಾಳಿ ಬೀಸುವುದು ಫುಟ್‌ಪಾತಿನವರ ಮುಖಕ್ಕೆ. ನಾವು ಕಲ್ಲು–ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿದ್ದೇವೆ, ಶೇ 7ರಷ್ಟು ಸಿಮೆಂಟ್ ಬೆರೆಸಿ ಒತ್ತಿದ್ದು, ಸುಡುವ ಕೆಲಸ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ತಂತ್ರಜ್ಞಾನ ಒದಗಿಸುವ 'ಅಸ್ತ್ರ' ಎಂಬ ವಿಭಾಗ 1974ರಲ್ಲಿ ಶುರುವಾಯಿತು. ಈ ಇಟ್ಟಿಗೆಯ ಮೇಲೆ ಅಲ್ಲಿ ತುಂಬ ಕೆಲಸ ಆಗಿದೆ. ಮಾಡಿಗೆ ಮಂಗಳೂರು ಹಂಚು. ಅಂಗಳಕ್ಕೆ ಇಂಟರ್‌ಲಾಕ್ ಹಾಕದೆ ಮಣ್ಣೇ ಬಿಟ್ಟಿದ್ದೇವೆ, ಮಳೆ ನೀರು ಅಲ್ಲೇ ಇಂಗುತ್ತದೆ. ನಿಮ್ಮ ಮೋರಿ ಉಕ್ಕುವುದು ಅಂಗಳಗಳೆಲ್ಲ ಸಿಮೆಂಟ್ ಆದದ್ದಕ್ಕೂ ಹೌದು.

ಕೃಷ್ಣಮೂರ್ತಿಪುರಂ ಹಳಬ

ಇಂಗುವುದೆಂದರೆ ನೆನಪಾಯಿತು, ಹಿಂದಿನ ಕನ್ಸರ್ವೆನ್ಸಿ ಗಲ್ಲಿಗಳು ಈಗ ಬಹುಪಾಲು ಹಳೇ ಕಮೋಡು, ಒಡೆದ ಟ್ಯಾಂಕು ಎಸೆಯುವ ಜಾಗ. ಅವನ್ನು ತೆರವು ಮಾಡಿ ಒಂದಕ್ಕೊಂದು ಕೂಡಿಸಿದರೆ, ಗಾಡಿಯೇ ಬಾರದ ದಾರಿ ಶಾಲೆಯವರೆಗೂ ಸಿಗುತ್ತದೆ. ಹೊಸ ಜಾಗ ಕೊಳ್ಳಬೇಕಿಲ್ಲ, ಯಾರ ಮನೆಯನ್ನೂ ಒಡೆಯಬೇಕಿಲ್ಲ. 1903ರವರು ಬಿಟ್ಟುಹೋದ ಆಸ್ತಿ ಅದು.

ಮತ್ತೊಂದು. 2025ರ ಏಪ್ರಿಲ್‌ನಲ್ಲಿ ಹೈದರ್ ಅಲಿ ರಸ್ತೆ ಅಗಲ ಮಾಡಲೆಂದು 40 ಮರ ಕಡಿದರಲ್ಲ, ಆವತ್ತು ನಾನು ಹೋಗಿ ನಿಂತು ನೋಡಿದೆ. ಬುಡದ ಉಂಗುರ ಎಣಿಸಲು ಕೂತ ಒಬ್ಬ ಹುಡುಗ ಎಣಿಕೆ ತಪ್ಪಿ ತಪ್ಪಿ ಮತ್ತೆ ಶುರು ಮಾಡುತ್ತಿದ್ದ. ನನಗೆ ಗಂಟಲು ಕಟ್ಟಿತು.

ಕಾನೂನು ಓದುವವಳು

ನಮ್ಮ ರಾಜ್ಯದ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು ಎಂದಿದೆ. ಆ ಸಂಖ್ಯೆ ಇಳಿಯಬೇಕು. ಒಂದು ಬೀದಿಯ ನೆರಳು ಹೋಗಲು ಹತ್ತು ಮರ ಸಾಕು.

ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿದೆ. ಅಂಗವಿಕಲರಿಗೂ ಆಗುವಂಥ ಫುಟ್‌ಪಾತ್, ಒತ್ತುವರಿ ತೆರವು, ಎರಡನ್ನೂ ಹೇಳಿದೆ. ಅರ್ಜಿ ಬರೆಯುವಾಗ ಇದನ್ನು ಮೊದಲ ಸಾಲಿನಲ್ಲೇ ಹಾಕಿ. ಊರಿನ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡು ಪ್ರಕಟವಾದಾಗ ಆಕ್ಷೇಪಣೆಗೆ 60 ದಿನ ಇರುತ್ತದೆ, ಅದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಕೊಟ್ಟ ಅವಕಾಶ. ಸರ್ವೆ ನಂಬರ್ ಹಿಡಿದು "ನಮ್ಮ ಬಡಾವಣೆಯಲ್ಲಿ ನಡೆದುಹೋಗುವಷ್ಟು ದೂರದಲ್ಲಿ ಅಂಗಡಿಗೆ ಜಾಗ ಇಲ್ಲ, ಅಂಗನವಾಡಿಗೆ ಜಾಗ ಇಲ್ಲ" ಎಂದು ಬರೆದು ಕೊಡಿ. ಬರೀ "ಹಸಿರು ಬೇಕು" ಎಂದರೆ ಕಡತದಲ್ಲಿ ಕೂರುತ್ತದೆ.

ಮೂರು ಮೆಟ್ಟಿಲು

ಅರ್ಜಿಯ ಜೊತೆ ಅಳತೆಯನ್ನೂ ಲಗತ್ತಿಸಿ. 22 ಮನೆ, 17 ರ‍್ಯಾಂಪು, ಒಂದೂಕಾಲು ಅಡಿ. ಇಲ್ಲಿ ಓದಿದ ಕೂಡಲೇ ನನಗೆ ಬೀದಿ ಕಣ್ಣಿಗೆ ಕಟ್ಟಿತು, ಕಚೇರಿಯಲ್ಲಿ ಓದುವವರಿಗೂ ಕಟ್ಟುತ್ತದೆ.

ನೀಟ್ ಸಿಟಿ

ಅಂಚಿನ ಪಟ್ಟಿಯಲ್ಲಿ ಗಾಡಿ, ಒಳಗಿನ ಪಟ್ಟಿ ಖಾಲಿ. ಹಾಗಾದರೆ ನನ್ನ ತಕರಾರು ಇಲ್ಲ. ನಮ್ಮ ಬೀದಿಯ ಹೂವಿನಾಕೆಯನ್ನು ಇವತ್ತು ಕೇಳಿದೆ, ಹೀಗೆ ಗುರುತು ಹಾಕಿಕೊಟ್ಟರೆ ಸರಿದು ಕೂರುತ್ತೀರಾ ಎಂದು. "ಯಾರಾದರೂ ಗುರುತು ಹಾಕಿಕೊಡಲಿ ಅಂತಲೇ ಹನ್ನೆರಡು ವರ್ಷದಿಂದ ಕಾಯ್ತಿದ್ದೀನಿ" ಎಂದರು.

ಕುವೆಂಪುನಗರದವನು

ಮೂರು ವಾರದ ನಂತರ ಬರೆಯುತ್ತಿದ್ದೇನೆ.

ಮೊದಲು ನಮ್ಮ ರ‍್ಯಾಂಪ್ ಒಡೆಸಿದೆ. ಗಾರೆ ಕೆಲಸದವರು ಹೇಳಿದ ಹಾಗೆ ಗೇಟು ಎರಡಡಿ ಒಳಕ್ಕೆ ಬಂತು, ಇಳಿಜಾರು ಒಳಗೇ ಮುಗಿಯಿತು. ಮುಂಭಾಗದ ಮೆಟ್ಟಿಲಿನ ಪಕ್ಕದ ತೊಟ್ಟಿ ತೆಗೆಯಬೇಕಾಯಿತು, ಕಾರು ಸ್ವಲ್ಪ ಓರೆಯಾಗಿ ನಿಲ್ಲುತ್ತದೆ. ಮೇಸ್ತ್ರಿ ಕೂಲಿ, ಕಲ್ಲು, ಗೇಟಿನ ವೆಲ್ಡಿಂಗ್ ಸೇರಿ 23 ಸಾವಿರ ಖರ್ಚು. ಒಡೆದಾಗ ಕೆಳಗೆ ಹಳೇ ಫುಟ್‌ಪಾತಿನ ಕಲ್ಲು ಹಾಗೇ ಇತ್ತು, ಬೂದು ಬಣ್ಣದ ಚಪ್ಪಡಿ, ಒಂದೂ ಒಡೆದಿರಲಿಲ್ಲ. ತೊಳೆದು ಅದನ್ನೇ ಮತ್ತೆ ಕೂರಿಸಿದೆವು.

ಎದುರು ಮನೆಯವರು ಎರಡು ದಿನ ಮಹಡಿಯಿಂದ ನೋಡಿದರು. ಮೂರನೇ ದಿನ ಇಳಿದು ಬಂದು ಮೇಸ್ತ್ರಿಯ ನಂಬರ್ ಕೇಳಿದರು. ಆ ಸಾಲಿನಲ್ಲಿ ಈಗ ನಾಲ್ಕು ಮನೆ ಒಪ್ಪಿವೆ. ಇಬ್ಬರು ಆಗುವುದೇ ಇಲ್ಲ ಎಂದರು. ಒಬ್ಬರ ಮನೆ ನಿಜವಾಗಿಯೂ ತಗ್ಗಿನಲ್ಲಿದೆ, ರಸ್ತೆ ಕೆರೆದು ಇಳಿಸದೆ ಅವರು ಏನೂ ಮಾಡಲಾಗದು. ಅದನ್ನೂ ಅಳತೆ ಸಮೇತ ಅರ್ಜಿಯಲ್ಲಿ ಬರೆದಿದ್ದೇವೆ. ಪಾಲಿಕೆಯ ಅವಧಿ 2023ರ ನವೆಂಬರ್‌ನಲ್ಲಿ ಮುಗಿದ ಮೇಲೆ ಹೇಳಿಕೊಳ್ಳಲು ಕಾರ್ಪೊರೇಟರ್ ಇರಲಿಲ್ಲ, ಹಾಗಾಗಿ ಅರ್ಜಿಗೆ 31 ಮನೆಯವರ ಸಹಿ ಹಾಕಿಸಿ ನೇರವಾಗಿ ಕೊಟ್ಟೆವು.

ಅಮ್ಮನ ಪ್ಲಾಸ್ಟರ್ ಶುಕ್ರವಾರ ಬಿಚ್ಚಿದರು. ಶನಿವಾರ ಬೆಳಗ್ಗೆ ಹಾಲಿಗೆ ಹೊರಟರು, ನಾನು ಹತ್ತು ಹೆಜ್ಜೆ ಹಿಂದೆ. ನಮ್ಮ ಗೇಟು, ಪಕ್ಕದ ಗೇಟು ದಾಟುವವರೆಗೆ ಫುಟ್‌ಪಾತಿನಲ್ಲೇ ನಡೆದರು. ಮೂರನೇ ಮನೆಯ ರ‍್ಯಾಂಪ್ ಬಂದಾಗ ನಿಂತು, ಹಿಂದೆ ತಿರುಗಿ ನನ್ನನ್ನು ನೋಡಿ, ರಸ್ತೆಗೆ ಇಳಿದರು.

ಬರುವ ಭಾನುವಾರ ಬೆಳಗ್ಗೆ 7ಕ್ಕೆ ಇನ್ನೊಂದು ಪಕ್ಕದ ಸಾಲು ಅಳೆಯುತ್ತಿದ್ದೇವೆ, ಬೂತಿನಿಂದ ಬಸ್‌ಸ್ಟಾಪಿನವರೆಗೆ. ಅಮ್ಮ ಹೇಳಿದ ಮೂರು ಜಾಗದಲ್ಲಿ ಕಲ್ಲಿನ ಕಟ್ಟೆಗೆ ಗುರುತು ಹಾಕಬೇಕು. ಹತ್ತಿರದವರು ಬನ್ನಿ. ಹೊಂಗೆ ನೆರಳು ಅವರೆ, ತಂತಿ ಇಲ್ಲದ ಪಕ್ಕ ಯಾವುದು ಎಂದು ನೋಡಿದ್ದೇನೆ, ಆರು ಗುಂಡಿಗೆ ಜಾಗವಿದೆ. ಆಳೆತ್ತರದ ಹೊಂಗೆ ಸಸಿ ಎಲ್ಲಿ ಸಿಗುತ್ತದೆ ಹೇಳಿ. ಟೇಪು, ಸುಣ್ಣದ ಪುಡಿ ನಾನು ತರುತ್ತೇನೆ.

ಹೊಂಗೆ ನೆರಳು

ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೇಳಿ, ದೊಡ್ಡ ಚೀಲದಲ್ಲಿ ಬೆಳೆಸಿದ್ದೇ ಬೇಕೆನ್ನಿ. ಗುಂಡಿ ಈಗಲೇ ತೆಗೆದು ಬಿಸಿಲಿಗೆ ಬಿಡಿ, ಮಳೆ ಹಿಡಿದ ಮೇಲೆ ನೆಡೋಣ. ಭಾನುವಾರ ನಾನೂ ಬರುತ್ತೇನೆ, ಹಾರೆ ನನ್ನ ಹತ್ತಿರ ಇದೆ.